ವೈನಿ, ಐದೂ ದಿನ ಕಾರು ಬೇಡ

ವೈನಿ, ಜೋಳ ಬೀಸಿಸಲು ಗಿರಣಿಗೆ ಬಂದಿದ್ದೇನೆ. ನನ್ನ ಮುಂದೆ ಇನ್ನೂ ಆರು ಡಬ್ಬಿ ಇವೆ. ಹಿಂದೆ ಗಡಗಡ ಸದ್ದು ಕೇಳಿಸಿದರೆ ಗಾಬರಿಯಾಗಬೇಡಿ, ಗಿರಣಿಯದೇ. ಪಾಳಿ ಬರುವವರೆಗೆ ಪುರುಸೊತ್ತು ಇದೆ, ಅದಕ್ಕೇ ಟೈಪ್ ಮಾಡದೆ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ರೊಟ್ಟಿ ಬಡಿಯುತ್ತಾ ಕೇಳಿ.

ನಿನ್ನೆ ರಾತ್ರಿ ಗ್ರೂಪಿನಲ್ಲಿ ಕೇಳಿದ್ದಿರಲ್ಲ, ದೀಪಾವಳಿ ರಜೆಗೆ ಸಿಂಗಾಪುರಕ್ಕೆ ಹೊರಟಿದ್ದೇವೆ, ಇಬ್ಬರು ಮಕ್ಕಳು, ಜೊತೆಗೆ ಅವ್ವ, ಏಜೆಂಟು ಐದೂ ದಿನ ಕಾರು ಮಾಡಿಕೊಳ್ಳಿ ಅನ್ನುತ್ತಿದ್ದಾನೆ, ಏನು ಮಾಡೋಣ ಅಂತ. ಬೇಡ ವೈನಿ. ಕಾರು ಒಂದೋ ಎರಡೋ ಸಲ ಸಾಕು. ಉಳಿದಿದ್ದಕ್ಕೆಲ್ಲ ರೈಲು, ಬಸ್ಸು. ಹೋದ ಬೇಸಿಗೆಯಲ್ಲಿ ನಾವು ಹಾಗೇ ಓಡಾಡಿದ್ದು, ಅದೂ ನಮ್ಮತ್ತೆಯನ್ನು ಕರೆದುಕೊಂಡು.

ಸಿಂಗಾಪುರದಲ್ಲಿ ಏನು ನೋಡಿದೆ ಅಂತ ನಮ್ಮ ಚಿಕ್ಕವನನ್ನು ಇವತ್ತು ಕೇಳಿ ನೋಡಿ. ಬಾಯಿಂದ ನೀರು ಉಗುಳುವ ಸಿಂಹ ಅವನಿಗೆ ನೆನಪೇ ಇಲ್ಲ. ‘ಡ್ರೈವರ್ ಇಲ್ಲದ ರೈಲು’ ಅನ್ನುತ್ತಾನೆ. ಅಲ್ಲಿ ನಾರ್ತ್ ಈಸ್ಟ್ ಲೈನ್ ಅಂತ ಇದೆ, 2003ರಲ್ಲಿ ಶುರುವಾಗಿದ್ದು. ಮೊದಲಿನಿಂದಲೂ ಡ್ರೈವರ್ ಇಲ್ಲದೇ ಓಡುತ್ತದೆ. ಎಲ್ಲಕ್ಕಿಂತ ಮುಂದಿನ ಬೋಗಿಗೆ ಹತ್ತಿ ಗಾಜಿನ ಹತ್ತಿರ ನಿಂತರೆ ಸುರಂಗ ಎದುರಿಗೇ ಬರುತ್ತದೆ. ಲಿಟಲ್ ಇಂಡಿಯಾದಿಂದ ಹಾರ್ಬರ್‌ಫ್ರಂಟ್‌ವರೆಗೆ ಗಾಜಿಗೆ ಮೂಗು ಹಚ್ಚಿಕೊಂಡು ನಿಂತಿದ್ದ. ಇಳಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಜೋರಾಗಿ ಚಪ್ಪಾಳೆ ತಟ್ಟಿ ಕಿವಿ ಕೊಟ್ಟು ನಿಂತ. ನಮಗೆ ಮೊದಲು ತಿಳಿಯಲಿಲ್ಲ. ಇಷ್ಟು ದೊಡ್ಡ ಜಾಗ ಅಂದ ಮೇಲೆ ಗೋಳಗುಮ್ಮಟದ ಹಾಗೆ ಏಳು ಸಲ ಕೇಳಿಸಬೇಕಲ್ಲ! ಒಂದು ಸಲವೂ ಕೇಳಿಸಲಿಲ್ಲ, ಮುಖ ಸಣ್ಣ ಮಾಡಿಕೊಂಡ. ಅಂದ ಹಾಗೆ ಸೆಂಟೋಸಾ ಅನ್ನುವ ಆಟದ ದ್ವೀಪಕ್ಕೆ ಇಳಿಯಬೇಕಾದದ್ದು ಇದೇ ಹಾರ್ಬರ್‌ಫ್ರಂಟ್‌ನಲ್ಲಿ. ಮೊನೊರೈಲು ಬೇಡ ಅಂದರೆ ಸಮುದ್ರದ ಮೇಲಿನ ದಾರಿಯಲ್ಲಿ ನಡೆದೂ ಹೋಗಬಹುದು. ದ್ವೀಪದ ಒಳಗಿನ ಬಸ್ಸು ಫ್ರೀ.

ಈಗ ಟಿಕೆಟ್ಟಿನ ಮಾತು, ಇದನ್ನು ಸ್ವಲ್ಪ ಲಕ್ಷ್ಯ ಕೊಟ್ಟು ಕೇಳಿ. ನಮ್ಮ ಬಸ್ಸಿನಲ್ಲಿ ಕಂಡಕ್ಟರ್ ಮಗುವಿನ ವಯಸ್ಸು ಕೇಳುತ್ತಾರೆ. ಬಸ್ಸು ಹತ್ತಿದ ಕೂಡಲೇ ನಮ್ಮ ಮಕ್ಕಳಿಗೆಲ್ಲ ಒಂದು ವರ್ಷ ಕಡಿಮೆಯಾಗುತ್ತದೆ, ಅಲ್ವಾ! ಅಲ್ಲಿ ಮೊದಲು ನೋಡುವುದು ಎತ್ತರ. 90 ಸೆಂಟಿಮೀಟರ್ ಒಳಗಿದ್ದರೆ ದೊಡ್ಡವರ ಜೊತೆ ಸುಮ್ನೆ ಒಳಗೆ ಹೋಗಬಹುದು, ಫ್ರೀ. ಅಂದರೆ ಹತ್ತಿರ ಹತ್ತಿರ ಮೂರು ಅಡಿ. ನಿಮ್ಮ ಚಿಕ್ಕವಳಿಗೆ ಮೂರು ತುಂಬಿತು, ಬಹುಶಃ ದಾಟಿರುತ್ತಾಳೆ. ದಾಟಿದರೂ ಏಳು ವರ್ಷದ ಒಳಗಿನವರಿಗೆ ಫ್ರೀನೇ, ಆದರೆ ಮಕ್ಕಳ ಕಾರ್ಡು ಅಂತ ಬೇರೆ ಮಾಡಿಸಬೇಕು. ಸ್ಟೇಷನ್ನಿನ ಟಿಕೆಟ್ ಆಫೀಸಿನಲ್ಲಿ ಪಾಸ್‌ಪೋರ್ಟ್ ತೋರಿಸಿ ನಮ್ಮವನಿಗೆ ಮಾಡಿಸಿದೆವು. ನಿಮ್ಮ ದೊಡ್ಡವನಿಗೆ ಎಂಟು, ಅವನಿಗೆ ಪೂರಾ ದರ. ವಿದ್ಯಾರ್ಥಿ ದರ ಅಲ್ಲಿನ ಶಾಲೆಯ ಮಕ್ಕಳಿಗೆ ಮಾತ್ರ. ಪೂರಾ ಅಂದರೂ ಒಂದು ಸಲಕ್ಕೆ ಅಲ್ಲಿನ ಒಂದೂಕಾಲು ಡಾಲರಿನಿಂದ ಎರಡೂವರೆ ಡಾಲರಿನ ಆಸುಪಾಸು, ದೂರದ ಮೇಲೆ.

ನಮ್ಮತ್ತೆ ಗೇಟಿನ ಮುಂದೆ ಪರ್ಸಿನಿಂದ ಆಧಾರ್ ಕಾರ್ಡು ತೆಗೆದು ಹಿಡಿದು ನಿಂತಿದ್ದರು. 2023ರಿಂದ ಇಲ್ಲಿ ಅದನ್ನೇ ತೋರಿಸಿ ಬಸ್ಸಿನಲ್ಲಿ ಓಡಾಡಿ ರೂಢಿ. ಅವ್ವನೂ ಹಾಗೇ ಮಾಡುತ್ತಾಳೆ, ನೋಡಿ ಬೇಕಾದರೆ.

ಗೇಟಿಗೆ ಬ್ಯಾಂಕಿನ ಕಾರ್ಡನ್ನೇ ಮುಟ್ಟಿಸಬಹುದು. ಆದರೆ ತಲೆಗೊಂದು ಕಾರ್ಡು ಬೇಕು, ಒಂದರಲ್ಲಿ ಇಬ್ಬರು ಹೋಗಲು ಬರುವುದಿಲ್ಲ. ನಮ್ಮವರು ಮೊದಲ ದಿನ ಜಾಣತನ ಮಾಡಲು ಹೋಗಿ ತಾವು ಒಳಗೆ, ಮಗಳು ಹೊರಗೆ. ಇನ್ನೊಂದು ದಿನ ಒಳಗೆ ಹೋಗುವಾಗ ಫೋನು ಮುಟ್ಟಿಸಿ, ಹೊರಗೆ ಬರುವಾಗ ಕಿಸೆಯ ಕಾರ್ಡು ಮುಟ್ಟಿಸಿದರು. ಎರಡೂ ಒಂದೇ ಬ್ಯಾಂಕಿನದು ಅಂತ ಇವರ ವಾದ. ಗೇಟು ಕೇಳಬೇಕಲ್ಲ! ಯಾವುದರಿಂದ ಒಳಗೆ ಹೋದಿರೋ ಅದರಿಂದಲೇ ಹೊರಗೆ. ಅಣ್ಣನಿಗೆ ಹೇಳಿ, ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶದ ಬಳಕೆಯನ್ನೂ, ಕಾರ್ಡು ಮುಟ್ಟಿಸಿ ದುಡ್ಡು ಕೊಡುವುದನ್ನೂ ಆನ್ ಮಾಡಲಿ. ಅವ್ವನಿಗೂ ದೊಡ್ಡವನಿಗೂ ಅಲ್ಲಿನ ಈಝಿ-ಲಿಂಕ್ ಕಾರ್ಡು, ಅಂದರೆ ಮೊದಲೇ ದುಡ್ಡು ತುಂಬಿಸಿಟ್ಟು ಬಳಸುವ ಪ್ರಯಾಣದ ಕಾರ್ಡು, ತೆಗೆದುಕೊಂಡು ಕೊರಳಿಗೆ ಹಾಕಿಬಿಡಿ.

ಬಸ್ಸಿನಲ್ಲೂ ಅದೇ ಕಾರ್ಡು. ಹತ್ತುವಾಗ ಮುಟ್ಟಿಸಿ, ಇಳಿಯುವಾಗಲೂ ಮುಟ್ಟಿಸಿ. ಮರೆತರೆ ಆ ಬಸ್ಸು ಕೊನೆವರೆಗೆ ಹೋಗುವ ದುಡ್ಡು ಕಡಿತವಾಗುತ್ತದೆ. ಸ್ಟಾಪಿನಲ್ಲಿ ಸುಮ್ಮನೆ ನಿಂತರೆ ಬಸ್ಸು ಹೊರಟೇಹೋಗುತ್ತದೆ, ಕೈ ಮಾಡಬೇಕು. ಇದೊಂದು ವಿಷಯದಲ್ಲಿ ನಾವು ಪಳಗಿದವರೇ. ಮೃಗಾಲಯಕ್ಕೆ ಸ್ಪ್ರಿಂಗ್‌ಲೀಫ್ ಸ್ಟೇಷನ್ನಿನಲ್ಲಿ ಇಳಿದು 138 ನಂಬರ್ ಬಸ್ಸು ಹಿಡಿಯಿರಿ. ರೈಲಿನಿಂದ ಇಳಿದು 45 ನಿಮಿಷದೊಳಗೆ ಬಸ್ಸು ಹತ್ತಿದರೆ ಎರಡೂ ಸೇರಿ ಒಂದೇ ಪ್ರಯಾಣದ ಲೆಕ್ಕ.

ಒಂದು ದಿನ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು. ಧೋಬಿ ಘಾಟ್ ಅಂತ ಒಂದು ಸ್ಟೇಷನ್ ಇದೆ. ಹೌದು, ಹಿಂದೆ ನಮ್ಮ ದೇಶದಿಂದ ಹೋದ ಅಗಸರು ಬಟ್ಟೆ ಒಗೆಯುತ್ತಿದ್ದ ಜಾಗವಂತೆ. ಮೂರು ಲೈನು ಕೂಡುವ ಕಡೆ, ನಡೆದಷ್ಟೂ ಮುಗಿಯುವುದಿಲ್ಲ. ರೈಲು ಬಂತು, ಮಗಳು ಟಣ್ಣನೆ ಹಾರಿ ಒಳಗೆ ಹೋದಳು. ನಾನು ಅತ್ತೆಯ ಕೈ ಹಿಡಿದು ಎರಡು ಹೆಜ್ಜೆ ಹಿಂದೆ. ಬಾಗಿಲು ಮುಚ್ಚಿತು. ಗಾಜಿನ ಆಚೆ ಅವಳ ಮುಖ, ಹೋಯಿತು ರೈಲು. ಅತ್ತೆ ಅಲ್ಲೇ ‘ಸಿದ್ದೇಶ್ವರಾ’ ಅಂತ ಕೂತುಬಿಟ್ಟರು. ಆದರೆ ಹೋದ ದಿನವೇ ಅವಳಿಗೆ ಹೇಳಿಟ್ಟಿದ್ದೆವು. ರೈಲಿನಲ್ಲಿ ನೀನೊಬ್ಬಳೇ ಉಳಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲು. ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ ಜಾಗ ಬಿಟ್ಟು ಕದಲಬೇಡ. ನಾಲ್ಕೇ ನಿಮಿಷಕ್ಕೆ ಮುಂದಿನ ರೈಲು ಬಂತು. ಹೋಗಿ ನೋಡಿದರೆ ಬಾಗಿಲಿನ ಎದುರಿಗೇ ನಿಂತಿದ್ದಾಳೆ, ಅಳುವುದು ಬಿಡಿ, ‘ಇಷ್ಟೊತ್ತಾ ಮಮ್ಮಿ’ ಅಂತ ನನಗೇ ಬೈದಳು. ಸಿದ್ದೇಶ್ವರ ಜಾತ್ರೆಯಲ್ಲಿ ಮಕ್ಕಳ ಕಿಸೆಯಲ್ಲಿ ಫೋನ್ ನಂಬರ್ ಬರೆದ ಚೀಟಿ ಹಾಕುತ್ತೇವಲ್ಲ, ಅಲ್ಲೂ ಹಾಕಿ. ಹೋಟೆಲಿನ ಹೆಸರನ್ನೂ ಬರೆಯಿರಿ. ಅವ್ವನ ಕಿಸೆಗೂ ಒಂದು... ಸೀರೆಗೆ ಎಲ್ಲಿ ಕಿಸೆ, ಪರ್ಸಿಗೆ ಹಾಕಿ.

ತಿನ್ನುವುದು. ನಿಮಗೆ ಹೇಳಲೇಬೇಕು, ಯಾಕೆಂದರೆ ನೀವು ಬಾದಾಮಿಗೆ ಹೊರಟರೂ ಚುರುಮುರಿ, ಶೇಂಗಾ ಹೋಳಿಗೆ ಕಟ್ಟುವವರು. ರೈಲು ಸ್ಟೇಷನ್ನಿನ ಒಳಗೂ ರೈಲಿನಲ್ಲೂ ಏನೂ ತಿನ್ನುವ ಹಾಗಿಲ್ಲ, ನೀರು ಕೂಡ ಕುಡಿಯುವ ಹಾಗಿಲ್ಲ. ದಂಡ 500 ಡಾಲರ್‌ವರೆಗೆ ಅಂತ ಬೋರ್ಡೇ ಇದೆ. ನಮ್ಮ ರೂಪಾಯಿಯಲ್ಲಿ ಮೂವತ್ತು ಸಾವಿರ ದಾಟುತ್ತದೆ, ಆ ದುಡ್ಡಿಗೆ ಒಂದು ಮದುವೆಗಾಗುವಷ್ಟು ಹೋಳಿಗೆ ಮಾಡಿಸಬಹುದು. ಬುತ್ತಿ ಒಯ್ಯಿರಿ, ಆದರೆ ಸ್ಟೇಷನ್ನಿನ ಹೊರಗೆ ಕೂತು ಮಕ್ಕಳಿಗೆ ತಿನ್ನಿಸಿ, ನೀರು ಕುಡಿಸಿ, ಆಮೇಲೆ ಒಳಗೆ ಕರೆದುಕೊಂಡು ಹೋಗಿ. ಡ್ಯೂರಿಯನ್ ಅಂತ ಒಂದು ಹಣ್ಣು, ಹಲಸಿನ ಹಾಗೆ ಕಾಣುತ್ತದೆ. ಅದರ ವಾಸನೆಗೆ ಅದನ್ನು ಒಳಗೇ ಬಿಡುವುದಿಲ್ಲ.

ಕಾರು ಬೇಕಾಗುವುದು ರಾತ್ರಿ ಮಕ್ಕಳು ಮಲಗಿಬಿಟ್ಟಾಗ. ಅದಕ್ಕೂ ಒಂದು ತಕರಾರಿದೆ. 1.35 ಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ. ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರಿಗೂ ಅದೇ ಕಾನೂನು. ಟ್ಯಾಕ್ಸಿಗೆ ಮಾತ್ರ ವಿನಾಯಿತಿ. ಒಬ್ಬ ಡ್ರೈವರ್ ನಮ್ಮ ಮಕ್ಕಳನ್ನು ನೋಡಿ ಕೈ ಮುಗಿಯುವ ಹಾಗೆ ಮಾಡಿ ಹೋಗೇಬಿಟ್ಟ, ಆಮೇಲೆ ಕಾರಣ ತಿಳಿಯಿತು. ಹಾಗಾಗಿ ಮಕ್ಕಳ ಸೀಟಿರುವ ಕಾರನ್ನೇ ಬುಕ್ ಮಾಡಿ, ಇಲ್ಲವಾದರೆ ಸ್ಟ್ಯಾಂಡಿನಲ್ಲಿ ನಿಂತು ಟ್ಯಾಕ್ಸಿ ಹತ್ತಿ. ನಿಮ್ಮ ಏಜೆಂಟಿಗೆ ಈ ಸೀಟಿನ ಮಾತು ಒಮ್ಮೆ ಕೇಳಿ ನೋಡಿ.

ಅವ್ವನ ಮೊಣಕಾಲಿನ ಚಿಂತೆ ಬೇಡ, ಸ್ಟೇಷನ್ನುಗಳಲ್ಲಿ ಲಿಫ್ಟ್ ಇದೆ. ಎಸ್ಕಲೇಟರ್ ಬೇಡವೇ ಬೇಡ, ನಮ್ಮ ಊರಿನ ಅಂಗಡಿಗಳದ್ದಕ್ಕಿಂತ ಜೋರು. ಬೆಳಿಗ್ಗೆ ಆಫೀಸಿನ ಗದ್ದಲ ಇಳಿದ ಮೇಲೆ, ಒಂಬತ್ತೂವರೆ ದಾಟಿ ಹೊರಡಿ. ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ, ಎರಡು ಇಟ್ಟ ದಿನ ನಮ್ಮ ಮನೆಯಲ್ಲಿ ಎಲ್ಲರೂ ಜಗಳ ಆಡಿದ್ದೇವೆ.

ಅಯ್ಯೋ, ನನ್ನ ಡಬ್ಬಿ ಎತ್ತಿಕೊಂಡರು. ವೈನಿ, ಸಂಜೆ ಚಿಕ್ಕವಳನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದು ಎತ್ತರ ಎಷ್ಟು ಅಂತ ಗ್ರೂಪಿಗೆ ಹಾಕಿ. ಚಪ್ಪಲಿ ಬಿಚ್ಚಿಸಿ ಮತ್ತೆ. ಕಾಕಾ, ಸಣ್ಣಗೆ ಬೀಸ್ರಿ, ಹೋದ ಸಲ ರವಾ ಆಗಿತ್ತು...