‘ಕಾಮಗಿರಿ’ಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ ಬೇಕು)

ಡೊಂಬಿವಲಿಯಿಂದ:
ನಮಸ್ಕಾರ. ನಮ್ಮ ಬಳಗದ ಭಾನುವಾರದ ಚರ್ಚಾಕೂಟಕ್ಕೆ ಬ್ಯಾನರ್ ಆಗಬೇಕು, ಫ್ಲೆಕ್ಸ್ ಅಂಗಡಿಯವ ಏಳಕ್ಕೆ ಬಾಗಿಲು ಹಾಕುತ್ತಾನೆ. ಮರಾಠಿ ಫಲಕ ಸಿದ್ಧವಿದೆ: ‘ಪಕ್ಷಾಂಚೆ ಆರ್ಥಿಕ ಧೋರಣ ಆಣಿ ಕಾಮಗಿರಿ’ (ಧೋರಣ ಅಂದರೆ ಪಾಲಿಸಿ, ಕಾಮಗಿರಿ ಅಂದರೆ ಪರ್ಫಾರ್ಮೆನ್ಸ್). ಕನ್ನಡಕ್ಕೆ ತಂದ ಹುಡುಗ ‘ಪಕ್ಷಗಳ ಆರ್ಥಿಕ ಧೋರಣೆ ಮತ್ತು ಕಾಮಗಾರಿ’ ಎಂದು ಬರೆದು ಕೊಟ್ಟಿದ್ದಾನೆ! ಪಕ್ಷದವರು ಸೊಕ್ಕಿನಿಂದ ಚರಂಡಿ ಕಟ್ಟಿಸುತ್ತಿರುವಂತೆ ಕೇಳುತ್ತದೆ. ಮೊದಲನೆಯದಕ್ಕೆ ‘ನೀತಿ’ ಸಾಕು. ಎರಡನೆಯದಕ್ಕೆ? ‘ಸಾಧನೆ’ ಅಂದರೆ ಚರ್ಚೆಗೆ ಮೊದಲೇ ಹಾರ ಹಾಕಿದಂತೆ. ‘ಫಲಿತಾಂಶ’ ಅಂದರೆ ಚುನಾವಣೆ ಅಂದುಕೊಳ್ಳುತ್ತಾರೆ. ಹೊಗಳಿಕೆಯೂ ಅಲ್ಲದ, ಬೈಗುಳವೂ ಅಲ್ಲದ ಪದ ಹೇಳಿ.

ವಾಶಿಯಿಂದ:
ಗೆಯ್ಮೆ. ಅಚ್ಚಗನ್ನಡ. ಇದರಲ್ಲಿ ಕೇಳುವುದೇನಿದೆ?

ಡೊಂಬಿವಲಿಯಿಂದ:
ನಮ್ಮ ಮಂಡ್ಯದ ಕಡೆ ಗೇಮೆ ಅಂದರೆ ಹೊಲದ ಕೆಲಸ. ಹಣಕಾಸು ಮಂತ್ರಿಯ ಕೈಗೆ ನೇಗಿಲು ಕೊಟ್ಟಂತಾದೀತು.

ಪುಣೆಯಿಂದ:
ಧೋರಣೆಗೆ ಯಾಕ ನಗತೀರಿ? ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ 1956ರ ತನಕ ಮುಂಬಯಿ ರಾಜ್ಯದಾಗ ಇದ್ದವು. ನಮ್ಮ ಮನ್ಯಾಗ ಹಿರಿಯರು ‘ಸರಕಾರದ ಧೋರಣೆ’ ಅಂತನ ಬರೀತಿದ್ರು, ಪಾಲಿಸಿ ಅನ್ನೂ ಅರ್ಥದಾಗ. ಬೆಂಗಳೂರವರಿಗೆ ಅದು ಸೊಕ್ಕಾಗಿ ಕೇಳಿದ್ರ ತಪ್ಪು ನಮ್ಮದಲ್ಲ. ಮರಾಠಿ ಶಿಲ್ಲಕ್ ನಿಮ್ಮ ಖಾತೆ ಪುಸ್ತಕದಾಗ ‘ಶಿಲ್ಕು’ ಆಗಿ ಕೂತದ, ಅದನ್ನೂ ಓಡಸ್ತೀರೇನು?

ವಾಶಿಯಿಂದ:
ಓಡಿಸಬೇಕು. ಕೇಂದ್ರದ ವಿತ್ತೀಯ ಕೊರತೆಗೇ 2003ರ ಕಾಯ್ದೆಯಡಿ ಜಿಡಿಪಿಯ ಶೇ. 3ರ ಗುರಿ ಹಾಕಿದರು. ಪದಗಳ ಸಾಲಕ್ಕೆ ಮಾತ್ರ ಮಿತಿಯೇ ಇಲ್ಲ.

ಪುಣೆಯಿಂದ:
‘ವಿತ್ತೀಯ’ ಅಚ್ಚಗನ್ನಡ ಏನ್ರಿ?

ಮಡಗಾಂವದಿಂದ:
ಜಗಳ ಆಮೇಲೆ ಆಡಿ. ಕಾಮಗಿರಿ ಎನ್ನುವುದು ಎರಡನ್ನು ಒಂದೇ ಚೀಲಕ್ಕೆ ತುಂಬುತ್ತದೆ: ಪಕ್ಷ ಮಾಡಿದ್ದು ಮತ್ತು ಅದರಿಂದ ಆದದ್ದು. ಜಿಎಸ್‌ಟಿಯನ್ನೇ ನೋಡಿ. ಅದಕ್ಕಾಗಿ ಸಂವಿಧಾನ ತಿದ್ದುಪಡಿ ಮಸೂದೆಯನ್ನು 2011ರಲ್ಲಿ ಮಂಡಿಸಿದ್ದು ಯುಪಿಎ ಸರಕಾರ. ಬೇರೆ ಮಸೂದೆ ತಂದು 2017ರ ಜುಲೈ 1ರಂದು ಜಾರಿ ಮಾಡಿದ್ದು ಎನ್‌ಡಿಎ. ಈಗ ಅದು ಯಾರ ‘ಸಾಧನೆ’? ನೀತಿಗೆ ಒಡೆಯರಿರುತ್ತಾರೆ. ಫಲದಲ್ಲಿ ಮಳೆ, ಕಚ್ಚಾತೈಲದ ಬೆಲೆ, ಹಿಂದಿನ ಸರಕಾರ ಎಲ್ಲಕ್ಕೂ ಪಾಲು. ಒಂದೇ ಪದ ಹುಡುಕುವುದನ್ನೇ ಬಿಡಿ.
ಇನ್ನು, ಬಂದ ಭಾಷಣಕಾರರಿಗೆ ‘ಬಿಟ್ಟಿ’ ಪದ ಬಳಸಬೇಡಿ ಅನ್ನಿ. ಕರ್ನಾಟಕದಲ್ಲಿ ಕಾಂಗ್ರೆಸ್ ಸರಕಾರ 2023ರಲ್ಲಿ ಗೃಹಲಕ್ಷ್ಮಿ ಎಂದು ತಿಂಗಳಿಗೆ 2,000 ರೂಪಾಯಿ ಕೊಟ್ಟಿತು. ಮಹಾರಾಷ್ಟ್ರದಲ್ಲಿ ಬಿಜೆಪಿ ಇರುವ ಮಹಾಯುತಿ ಮೈತ್ರಿಕೂಟ 2024ರಲ್ಲಿ ಲಾಡಕಿ ಬಹೀಣ್ ಎಂದು 1,500 ಕೊಟ್ಟಿತು. ನಮ್ಮವರು ಕೊಟ್ಟರೆ ಭಾಗ್ಯ, ಅವರು ಕೊಟ್ಟರೆ ಬಿಟ್ಟಿ! ಅಂದಹಾಗೆ ಬಿಟ್ಟಿ ಬಂದದ್ದು ಸಂಸ್ಕೃತದ ‘ವಿಷ್ಟಿ’ಯಿಂದ, ಕೂಲಿ ಕೊಡದೆ ದುಡಿಸಿಕೊಳ್ಳುವುದು. ದುಡಿದವನಿಗೆ ಏನೂ ಸಿಗದ ಪದ ಈಗ ದುಡಿಯದೆ ಸಿಗುವುದಕ್ಕೆ ಹೆಸರಾಗಿದೆ.

ವಾಶಿಯಿಂದ:
ವಿಷ್ಟಿಯೂ ಇಲ್ಲ, ಏನೂ ಇಲ್ಲ. ‘ಬಿಡು’ವಿನಿಂದ ‘ಬಿಟ್ಟಿ’. ಎಲ್ಲಕ್ಕೂ ಸಂಸ್ಕೃತದ ಬೇರು ಅಗೆಯುವುದು ಒಂದು ರೋಗ.

ಪುಣೆಯಿಂದ:
ಬಿಟ್ಟಿ ಚಾಕರಿ ಅಂತಾರಲ್ಲ, ಅಲ್ಲಿ ಯಾರು ಏನು ಬಿಟ್ರು?

ಡೊಂಬಿವಲಿಯಿಂದ:
ಆರೂವರೆ ಆಯಿತು. ಮಡಗಾಂವದವರ ಮಾತು ಹಿಡಿದು ‘ಪಕ್ಷಗಳ ಆರ್ಥಿಕ ನೀತಿ: ಮಾಡಿದ್ದೇನು, ಆದದ್ದೇನು?’ ಎಂದು ಕಳಿಸಿದ್ದೇನೆ. ಅಂಗಡಿಯವನಿಗೆ ಕನ್ನಡ ಬಾರದು, ಒತ್ತಕ್ಷರಗಳನ್ನು ಕೈಯಲ್ಲಿ ಬರೆದು ಫೋಟೊ ಹಾಕಿದೆ.

ವಾಶಿಯಿಂದ:
‘ಪಕ್ಷ’, ‘ಆರ್ಥಿಕ’, ‘ನೀತಿ’. ಮೂರೂ ಸಂಸ್ಕೃತ.

ಡೊಂಬಿವಲಿಯಿಂದ:
ಅಚ್ಚಿಗೆ ಹೋಯಿತು.