ಚಳಿಗಾಲದಲ್ಲಿ ಅಂಗಳದ ಪಾಮ್ ಗಿಡ ಉಳಿಸೋದು ಹೇಗೆ? ನಮ್ಮ ಕಡೆಯವರ ಅನುಭವ ಬೇಕು

ಕೆಲಗೇರಿ, ಧಾರವಾಡ (ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮುಂದೆ ಎರಡು ಬಾಟಲ್ ಪಾಮ್, ಒಂದು ರಾಯಲ್ ಪಾಮ್, ಹಿತ್ತಲಲ್ಲಿ ಎರಡು ತೆಂಗಿನ ಸಸಿ ಇದ್ದವು. ಎಲ್ಲಾ ಮೂರು ವರ್ಷದ ಒಳಗಿನವು. ಹೋದ ವರ್ಷ ಎಳ್ಳ ಅಮಾವಾಸ್ಯೆ ಮುಗಿದು ಒಂದು ವಾರ ಆಗಿರಬಹುದು, ಒಂದು ಬಾಟಲ್ ಪಾಮ್‌ನ ನಡುವಿನ ಸುಳಿ ಕಂದು ಬಣ್ಣಕ್ಕೆ ತಿರುಗಿತ್ತು. ಏನಾಗಿದೆ ನೋಡೋಣ ಅಂತ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಡೀ ಸುಳಿ ಕೈಗೆ ಬಂತು. ಬುಡ ಮೆತ್ತಗೆ, ಕೊಳೆತ ವಾಸನೆ. ಎರಡು ತಿಂಗಳಲ್ಲಿ ಗಿಡ ಹೋಯಿತು.

ಸಸಿ ಕೊಟ್ಟ ನರ್ಸರಿಯವರು "ಚಳಿ ಹೊಡೆದಿದೆ, ಪ್ಲಾಸ್ಟಿಕ್ ಸುತ್ತಬೇಕಿತ್ತು" ಅಂದರು. ಈಗ ಮತ್ತೆ ಶೀಗಿ ಹುಣ್ಣಿಮೆ ದಾಟಿತು, ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು ತಂಪು ಶುರುವಾಗಿದೆ. ರಾಯಲ್ ಪಾಮ್ ನಮ್ಮ ಅಪ್ಪ ಕೈಯಾರೆ ನೆಟ್ಟ ಕೊನೆಯ ಗಿಡ. ಅದನ್ನು ಕಳೆದುಕೊಳ್ಳಲು ನನ್ನಿಂದ ಆಗೋದಿಲ್ಲ. ಪ್ಲಾಸ್ಟಿಕ್ ಸುತ್ತಲೇ? ಗೋಣಿಚೀಲ ಸಾಕೇ? ನೀವು ಏನು ಮಾಡಿದಿರಿ, ಗಿಡ ಉಳಿಯಿತೋ ಇಲ್ಲವೋ, ಎರಡನ್ನೂ ಹೇಳಿ.

ಸಪ್ತಾಪುರ, ಧಾರವಾಡ

ಅಕ್ಕಾರೇ, ಮೊದಲು ಒಂದು ಮಾತು, ಪ್ಲಾಸ್ಟಿಕ್ ಸುತ್ತಬೇಡಿ. ನಮ್ಮಲ್ಲಿ ಡಿಸೆಂಬರ್‌ನಲ್ಲಿ ರಾತ್ರಿ ಎಷ್ಟೇ ತಣ್ಣಗಾದರೂ ಮಧ್ಯಾಹ್ನ 28-30 ಡಿಗ್ರಿ ಬಿಸಿಲು ಇರುತ್ತದೆ. ಪ್ಲಾಸ್ಟಿಕ್ ಒಳಗೆ ಹಬೆ ಕಟ್ಟುತ್ತದೆ, ಆ ನೀರು ಇಳಿದು ಸುಳಿಯಲ್ಲೇ ನಿಲ್ಲುತ್ತದೆ. ಕೊಳೆರೋಗಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೇಕೇ?

ನಿಮ್ಮ ಗಿಡ ಬರೀ ಚಳಿಯಿಂದ ಹೋಗಿಲ್ಲ ಅನ್ನಿಸುತ್ತದೆ. ನನ್ನದೂ ಹಾಗೇ ಆಗಿತ್ತು. ಬಾಟಲ್ ಪಾಮ್ ಮಾರಿಷಸ್ ಹತ್ತಿರದ ಒಂದು ಸಣ್ಣ ದ್ವೀಪದ ಗಿಡ, ಪಾಮ್‌ಗಳಲ್ಲಿ ಚಳಿಗೆ ಬೇಗ ಸೋಲುವ ಜಾತಿ. ಆದರೂ ನಮ್ಮ 10-12 ಡಿಗ್ರಿ ರಾತ್ರಿ ಅದನ್ನು ಕೊಲ್ಲುವುದಿಲ್ಲ, ಬೆಳವಣಿಗೆ ನಿಲ್ಲಿಸುತ್ತದೆ ಅಷ್ಟೇ. ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತೇ ಇದೆ, ವಾರಗಟ್ಟಲೆ ಸುಳಿ ಒಣಗುವುದೇ ಇಲ್ಲ. ಆಗ ಒಳಗೆ ಸಣ್ಣದಾಗಿ ಕೊಳೆ ಹಿಡಿದಿರುತ್ತದೆ. ಗಿಡ ಬೆಳೆಯುತ್ತಿರುವ ತನಕ ಆ ಕೊಳೆತ ಭಾಗವನ್ನು ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ. ಚಳಿ ಬಿದ್ದು ಬೆಳವಣಿಗೆ ನಿಂತ ಕೂಡಲೇ ಕೊಳೆ ಕೆಳಗೆ ಇಳಿಯುತ್ತದೆ. ಮಾವು, ಬೇವು ಆದರೆ ತುದಿ ಸತ್ತರೂ ಪಕ್ಕದಿಂದ ಚಿಗುರುತ್ತವೆ. ಒಂಟಿ ಕಾಂಡದ ಪಾಮ್‌ಗೆ ಬೆಳೆಯುವ ಜಾಗ ಒಂದೇ, ಅದು ಸುಳಿಯ ಬುಡದಲ್ಲಿರುವ ಮೊಳಕೆ. ಅದು ಸತ್ತರೆ ಗಿಡ ಸತ್ತಂತೆ.

ನಾನು ಮಾಡಿದ್ದು ಹೇಳುತ್ತೇನೆ. ಸುಳಿ ಕೈಗೆ ಬಂದ ದಿನವೇ ಉದ್ದ ಹಿಡಿಯ ಸ್ಟೀಲ್ ಚಮಚದಿಂದ ಒಳಗಿನ ಕೊಳೆತ ಲೋಳೆ ಎಲ್ಲಾ ತೆಗೆದೆ. ಬಿಳಿ ಗಟ್ಟಿ ಭಾಗ ಕಾಣುವ ತನಕ ತೆಗೆದೆ, ಆಮೇಲೆ ಅದನ್ನು ಮುಟ್ಟಲಿಲ್ಲ. ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಸುಳಿಗೆ ಹುಯ್ದೆ, ಹತ್ತು ದಿನ ಬಿಟ್ಟು ಇನ್ನೊಂದು ಸಲ. ಅಷ್ಟೇ ಸಾಕು. ತಾಮ್ರದ ಔಷಧ ಮತ್ತೆ ಮತ್ತೆ ಹಾಕಿದರೆ ಅದೇ ಗಿಡಕ್ಕೆ ವಿಷ ಆಗುತ್ತದೆ. ತೆಂಗಿಗೆ ಸುಳಿಕೊಳೆ ಬಂದರೆ ನಮ್ಮ ಹಿರಿಯರು ಸ್ವಚ್ಛ ಮಾಡಿ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ ಮೇಲೆ ಮಣ್ಣಿನ ಮಡಕೆ ಬೋರಲು ಹಾಕುತ್ತಿದ್ದರು, ನೀರು ಬೀಳಬಾರದು ಅಂತ. ನಾನೂ ಒಂದು ಸಣ್ಣ ಗಡಿಗೆ ಬೋರಲು ಹಾಕಿದೆ.

ಯುಗಾದಿ ಬಂತು, ಏನೂ ಇಲ್ಲ. ಕಿತ್ತು ಹಾಕೋಣ ಅಂದರು ಮನೆಯವರು. ಬೇಡ, ಕಾಂಡ ಇನ್ನೂ ಗಟ್ಟಿ ಇದೆ ಅಂದೆ. ಮೇ ಕೊನೆಗೆ ಎರಡು ಮಳೆ ಆದ ಮೇಲೆ ಗಡಿಗೆ ಎತ್ತಿ ನೋಡಿದರೆ ಕಿರುಬೆರಳಿನಷ್ಟು ಹಸಿರು ತುದಿ! ಬಿಚ್ಚಿಕೊಂಡಾಗ ಅರ್ಧ ಗರಿ ಮಾತ್ರ, ಕತ್ತರಿಯಿಂದ ಕತ್ತರಿಸಿದ ಹಾಗೆ. ಹೆದರಬೇಡಿ, ಅದು ಒಳಗಿದ್ದಾಗಲೇ ಪೆಟ್ಟು ತಿಂದ ಗರಿ. ಮೂರನೆಯ ಗರಿ ಸರಿಯಾಗಿ ಬಂತು.

ಆದ್ದರಿಂದ ಈಗಲೇ ನಿಮ್ಮ ಉಳಿದ ಬಾಟಲ್ ಪಾಮ್‌ನ ಸುಳಿ ಮೆಲ್ಲಗೆ ಅಲ್ಲಾಡಿಸಿ ನೋಡಿ. ಗಟ್ಟಿ ಇದ್ದರೆ ಸುಮ್ನೆ ಬಿಡಿ. ಪೈಪಿನಿಂದ ಮೇಲೆ ನೀರು ಹಾರಿಸುವುದು ನಿಲ್ಲಿಸಿ, ಬುಡಕ್ಕೆ ಮಾತ್ರ ಹಾಕಿ.

ಗದಗ, ರೋಣ ರಸ್ತೆ

ಮೇಲಿನವರು ಧಾರವಾಡದ ಮಾತು ಹೇಳಿದರು. ನಮ್ಮ ಕಡೆ ಮಳೆ ಕಡಿಮೆ, ಸುಳಿಕೊಳೆ ಅಷ್ಟಾಗಿ ಕಾಣೋದಿಲ್ಲ. ನಮಗೆ ಕಾಟ ಕೊಡುವುದು ಮೂಡಗಾಳಿ ಮತ್ತು ಎರೆ ಮಣ್ಣು. ದೀಪಾವಳಿ ಆದ ಮೇಲೆ ಒಣ ಗಾಳಿ ಬೀಸಲು ಶುರುವಾದರೆ ಎರೆ ಹೊಲ ಬಿರುಕು ಬಿಡುತ್ತದೆ, ಕೆಲವು ಬಿರುಕಿನಲ್ಲಿ ಅಂಗೈ ಇಳಿಯುತ್ತದೆ. ತೆಂಗಿನ ಸಸಿಯ ಬೇರು ದಾರದಂತೆ ಇರುತ್ತವೆ, ಬಿರುಕು ಅಗಲವಾದಾಗ ಹರಿದು ಹೋಗುತ್ತವೆ. ಉಳಿದ ಬೇರಿಗೆ ಬಿರುಕಿನೊಳಗಿಂದ ಗಾಳಿ ತಾಗಿ ಒಣಗುತ್ತವೆ. ಮೇಲೆ ಗರಿ ಸುಟ್ಟಂತೆ ಕಂಡಾಗ ಎಲ್ಲರೂ ಚಳಿ ಅಂತಾರೆ, ನೋಡಬೇಕಾದ್ದು ನೆಲವನ್ನು.

ಹಿಂಗಾರಿ ಜೋಳಕ್ಕೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತೇವಲ್ಲ, ಅದೇ ಕೆಲಸ ಗಿಡದ ಬುಡಕ್ಕೂ ಮಾಡಬೇಕು. ಸಲಿಕೆಯಿಂದ ಎರಡು ಇಂಚು ಮಾತ್ರ ಕೆದಕಿ ಪುಡಿ ಮಣ್ಣು ಬಿರುಕಿಗೆ ತುಂಬಿ. ಆಮೇಲೆ ಚೆನ್ನಾಗಿ ನೀರು ಕುಡಿಸಿ, ಮೇಲೆ ಹೊದಿಕೆ. ನಾನು ಕಬ್ಬಿನ ರವದಿ (ಒಣಗಿದ ಎಲೆ) ಹಾಕುತ್ತೇನೆ, ಇಲ್ಲದಿದ್ದರೆ ಜೋಳದ ಕಣಕಿ ಚೂರು ಮಾಡಿ. ಅರ್ಧ ಅಡಿ ದಪ್ಪ ಇರಲಿ. ಬೊಡ್ಡೆಗೆ ತಾಗಿಸಬೇಡಿ, ಸುತ್ತ ಒಂದು ಗೇಣು ಜಾಗ ಬಿಡಿ. ನನ್ನ ಮೊದಲ ವರ್ಷ ಬೊಡ್ಡೆಗೆ ಒತ್ತಿ ಹಾಕಿದ್ದೆ, ಸಂಕ್ರಮಣಕ್ಕೆ ರವದಿ ಎತ್ತಿದರೆ ಗೆದ್ದಲು ಬೊಡ್ಡೆಯ ಮೇಲೆ ಮೊಣಕೈ ಎತ್ತರ ಮಣ್ಣು ಕಟ್ಟಿತ್ತು. ಈಗ ಕೆಳಗೆ ಎರಡು ಬೊಗಸೆ ಬೇವಿನ ಹಿಂಡಿ ಉದುರಿಸಿ ಆಮೇಲೆ ರವದಿ ಹಾಕುತ್ತೇನೆ.

ಗೊಬ್ಬರದ ಮಾತೂ ಹೇಳಬೇಕು. ಚಳಿಗೆ ಮುಂಚೆ ಯೂರಿಯಾ ಜಾಸ್ತಿ ಹಾಕಿ ಎಳೆ ಗರಿ ಬರಿಸಬೇಡಿ. ಪೊಟ್ಯಾಷ್ ಕೊಡಿ. ದೊಡ್ಡ ತೆಂಗಿಗೆ ವರ್ಷಕ್ಕೆ 1200 ಗ್ರಾಂ ಪೊಟ್ಯಾಷ್ ಬೇಕು ಅಂತ ಲೆಕ್ಕ, ಅಂದರೆ ಅಂಗಡಿಯ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ 2 ಕಿಲೊ, ಅದು ಪೂರ್ತಿ ಪೊಟ್ಯಾಷ್ ಅಲ್ಲವಲ್ಲ. ಎರಡನೇ ವರ್ಷದ ಸಸಿಗೆ ಅದರ ಮೂರನೇ ಒಂದು ಪಾಲು, ಮೂರನೇ ವರ್ಷಕ್ಕೆ ಮೂರನೇ ಎರಡು ಪಾಲು. ಒಂದೇ ಸಲ ಸುರಿಯಬೇಡಿ. ಸ್ವಲ್ಪ ಮುಂಗಾರಿಗೆ, ಜಾಸ್ತಿ ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಮಣ್ಣು ಹಸಿ ಇರುವಾಗ. ನೆಲ ತಂಪಾದ ಮೇಲೆ ಬೇರು ಮಂದ ಆಗುತ್ತವೆ, ಆಗ ಹಾಕಿದ್ದು ಕೂಡಲೇ ಸಿಗೋದಿಲ್ಲ.

ಕೆಲಗೇರಿ, ಧಾರವಾಡ

ಸುಳಿ ಅಲ್ಲಾಡಿಸಿ ನೋಡಿದೆ, ಗಟ್ಟಿ ಇದೆ. ಜೀವ ಬಂದ ಹಾಗಾಯಿತು. ನಮ್ಮದು ಎರೆ ಅಲ್ಲ, ಮಸಾರಿ, ಅಂದರೆ ಕೆಂಪು ಮಣ್ಣು. ರಾಯಲ್ ಪಾಮ್‌ನ ಕೆಳಗಿನ ಎರಡು ಗರಿ ಹಳದಿ ಆಗಿವೆ, ತುದಿ ಒಣಗಿದೆ. ಅವನ್ನು ಕಡಿದು ಹಾಕಲೇ?

ಸಪ್ತಾಪುರ, ಧಾರವಾಡ

ಕಡಿಯಬೇಡಿ ಅಕ್ಕಾರೇ. ಪೂರ್ತಿ ಕಂದಾಗಿ ತಾನೇ ಜೋತು ಬೀಳುವ ತನಕ ಬಿಡಿ. ಪೊಟ್ಯಾಷ್ ಸಾಲದಾಗ ಗಿಡ ಹಳೆಯ ಗರಿಯಿಂದ ಅದನ್ನು ಎಳೆದುಕೊಂಡು ಹೊಸ ಗರಿಗೆ ಕೊಡುತ್ತದೆ. ನೀವು ಅಂದ ಕೆಡುತ್ತದೆ ಅಂತ ಕಡಿದರೆ ಮುಂದಿನ ಗರಿಯಿಂದ ಎಳೆಯಲು ಶುರು ಮಾಡುತ್ತದೆ, ಒಂದೊಂದೇ ಹಳದಿ ಆಗುತ್ತಾ ಹೋಗುತ್ತದೆ.

ಹಾನಗಲ್, ಹಾವೇರಿ ಜಿಲ್ಲೆ

ನಮ್ಮದು ಅಡಿಕೆ ತೋಟ. ಚಳಿಗಾಲ ಅಂದರೆ ನಮಗೆ ಚಳಿಗಿಂತ ಬಿಸಿಲಿನ ಭಯ. ಕೇಳಲು ವಿಚಿತ್ರ ಅನ್ನಿಸಬಹುದು. ಅಕ್ಟೋಬರ್‌ನಿಂದ ಜನವರಿ ತನಕ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ಬಿಸಿಲು ಓರೆಯಾಗಿ ನೈರುತ್ಯ ಮೂಲೆಯಿಂದ ನೇರ ಕಾಂಡಕ್ಕೆ ಹೊಡೆಯುತ್ತದೆ. ಮೋಡ ಇಲ್ಲ, ಗಾಳಿ ಒಣ. ಎಳೆ ಕಾಂಡದ ಹಸಿರು ತೊಗಟೆ ಅದೇ ಮಗ್ಗುಲಲ್ಲಿ ಮೊದಲು ಹೊಂಬಣ್ಣ, ಆಮೇಲೆ ಕಂದು. ಎರಡು ಮೂರು ವರ್ಷಕ್ಕೆ ಅಲ್ಲೇ ಸೀಳುತ್ತದೆ, ಜೋರು ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ನಮ್ಮ ತೋಟದ ಪಡುವಣ ಅಂಚಿನ ಸಾಲಿನಲ್ಲಿ ಹನ್ನೊಂದು ಮರ ಹೀಗೇ ಹೋದವು. ಮುರಿದ ಜಾಗ ಮುಟ್ಟಿದರೆ ಒಳಗೆ ಹುಡಿ ಹುಡಿ.

ಆಮೇಲಿಂದ ಪ್ರತಿ ವರ್ಷ ದಸರೆ ಮುಗಿದ ಕೂಡಲೇ ನೈರುತ್ಯ ಮಗ್ಗುಲಿಗೆ ಸುಣ್ಣ ಬಳಿಯುತ್ತೇವೆ. ಕಲ್ಲುಸುಣ್ಣ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಮಜ್ಜಿಗೆ ಹದಕ್ಕೆ ತಂದು ಬಳಿದರೆ ಸಾಕು. ಅಂಚಿನ ಸಾಲಿಗೆ ಅಡಿಕೆ ಹಾಳೆ ಕಟ್ಟುತ್ತೇವೆ. ಹೊಸದಾಗಿ ನೆಡುವವರಿಗೆ ಒಂದು ಮಾತು: 2.7 ಮೀಟರ್ ಅಂತರದಲ್ಲಿ ಸಾಲು ಹಾಕುವಾಗ ನೇರ ಉತ್ತರ-ದಕ್ಷಿಣ ಇಡಬೇಡಿ, ದಕ್ಷಿಣದ ತುದಿಯನ್ನು 35 ಡಿಗ್ರಿ ಪಡುವಣಕ್ಕೆ ತಿರುಗಿಸಿ. ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ.

ಅಕ್ಕಾರ ತೆಂಗಿನ ಸಸಿಗೂ ಇದೇ ಲೆಕ್ಕ. ದಕ್ಷಿಣ, ಪಶ್ಚಿಮ ಎರಡು ಕಡೆ ತೆಂಗಿನ ಗರಿಯ ತಟ್ಟಿ ಹೆಣೆದು ನಿಲ್ಲಿಸಿ, ಮೂಡಣ ಕಡೆ ಗಾಳಿಗೆ ಒಂದು ಗೋಣಿ ತಟ್ಟು. ಮೇಲೆ ಮುಚ್ಚಬೇಡಿ. ಬೆಳಗಿನ ಬಿಸಿಲು ಸುಳಿಗೆ ಬೀಳಬೇಕು, ಇಬ್ಬನಿ ಒಣಗಬೇಕು.

ವಿದ್ಯಾನಗರ, ಹುಬ್ಬಳ್ಳಿ

ನಾನು ಒಂಬತ್ತು ವರ್ಷ ಅಮೆರಿಕದ ಡಲ್ಲಾಸ್‌ನಲ್ಲಿದ್ದು ಈಗ ಊರಿಗೆ ಬಂದಿದ್ದೇನೆ. ನರ್ಸರಿಯವರು ಹೇಳಿದ "ಸುತ್ತಿ ಕಟ್ಟುವ" ವಿದ್ಯೆ ಹೆಪ್ಪುಗಟ್ಟುವ ಚಳಿಯ ಊರಿನದು. ಅಲ್ಲಿ ಅದು ಬೇಕೇ ಬೇಕು. ಎಲೆಯೊಳಗಿನ ನೀರೇ ಮಂಜುಗಡ್ಡೆ ಆಗಿ ಜೀವಕೋಶ ಒಡೆಯುತ್ತದೆ. ಮೋಡ ಇಲ್ಲದ, ಗಾಳಿ ಇಲ್ಲದ ರಾತ್ರಿ ನೆಲದ ಕಾವು ನೇರ ಮೇಲಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಹಳೆಯ ಚಾದರ ನೆಲದ ತನಕ ಇಳಿಬಿಟ್ಟು ಅಂಚಿಗೆ ಕಲ್ಲು ಇಡುತ್ತೇವೆ, ಕಾವು ಒಳಗೇ ಉಳಿಯಲಿ ಅಂತ. ಪ್ಲಾಸ್ಟಿಕ್ ಅಲ್ಲೂ ಎಲೆಗೆ ತಾಗಬಾರದು, ತಾಗಿದ ಕಡೆಯೆಲ್ಲಾ ಎಲೆ ಸುಡುತ್ತದೆ. ಹಿಂದಿನ ದಿನ ಮಣ್ಣಿಗೆ ನೀರು ಕುಡಿಸಿರಬೇಕು, ಹಸಿ ಮಣ್ಣು ಒಣ ಮಣ್ಣಿಗಿಂತ ಜಾಸ್ತಿ ಕಾವು ಹಿಡಿಯುತ್ತದೆ. ಬೆಳಿಗ್ಗೆ ಬಿಸಿಲು ಬಂದ ಕೂಡಲೇ ಚಾದರ ತೆಗೆಯಬೇಕು.

2021ರ ಫೆಬ್ರವರಿ 16ರಂದು ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿಗೆ ಇಳಿಯಿತು. ನಮ್ಮ ಅಂಗಳದಲ್ಲಿ ಒಂದು ವಿಂಡ್‌ಮಿಲ್ ಪಾಮ್, ಒಂದು ವಾಷಿಂಗ್ಟೋನಿಯಾ ಪಾಮ್ ಇದ್ದವು. ಗರಿ ಎಲ್ಲಾ ಮೇಲಕ್ಕೆ ಎತ್ತಿ ಜಡೆಯಂತೆ ಕಟ್ಟಿದೆ, ಗೋಣಿಬಟ್ಟೆ ಸುತ್ತಿದೆ, ಒಳಗೆ ಹಳೇ ಕಾಲದ ಬಿಸಿಯಾಗುವ ಬಲ್ಬಿನ ಸರ ಹಾಕಿದ್ದೆ, ಎಲ್‌ಇಡಿಗೆ ಕಾವಿಲ್ಲ. ಕರೆಂಟೇ ಹೋಯಿತು. ಬಲ್ಬು ಆರಿದವು, ನಾವೇ ಮನೆಯೊಳಗೆ ನಾಲ್ಕು ಹೊದಿಕೆ ಹೊದ್ದು ಕೂತಿದ್ದೆವು, ಮಗಳು ಗಿಡಕ್ಕೆ ಚಳಿ ಆಗೋದಿಲ್ವಾ ಅಂತ ಅಳುತ್ತಿದ್ದಳು. ಬುಡಕ್ಕೆ ಹಾಕಿದ್ದ ಒಂದಡಿ ಎಲೆಗೊಬ್ಬರದ ಹೊದಿಕೆ ಮಾತ್ರ ಯಾವ ಕರೆಂಟೂ ಇಲ್ಲದೆ ಕೆಲಸ ಮಾಡಿತು. ವಾಷಿಂಗ್ಟೋನಿಯಾ ಸತ್ತಿತು. ವಿಂಡ್‌ಮಿಲ್ ಪಾಮ್‌ನ ಸುಳಿ ನಿಮ್ಮ ಗಿಡದ ಹಾಗೇ ಕೈಗೆ ಬಂತು, ತಾಮ್ರದ ಔಷಧ ಹುಯ್ದೆ, ಜೂನ್‌ನಲ್ಲಿ ಚಿಗುರಿತು.

ಡೆಹ್ರಾಡೂನ್, ದೆಹಲಿ ಕಡೆ ನೆಂಟರು ಇರುವವರು ಇದನ್ನು ಇಟ್ಟುಕೊಳ್ಳಿ. ಧಾರವಾಡಕ್ಕೆ ಸುತ್ತಿ ಕಟ್ಟುವುದು ಬೇಡ.

ನವನಗರ, ಹುಬ್ಬಳ್ಳಿ

ಚಿಕ್ಕದಾಗಿ ನನ್ನದು. ಬಾಲ್ಕನಿಯ ಕುಂಡದ ಅರೇಕಾ ಪಾಮ್ ಚಳಿಗಾಲದಲ್ಲಿ ಮಂಕಾಗಿ ಬೂದು ಹಳದಿ ಆದರೆ ಗರಿಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಕೆಂಪು ಚುಕ್ಕೆ ಉದುರಿ ಓಡಾಡಿದರೆ ಅದು ನುಸಿ. ಒಣ ಹವೆಗೆ ಬರುತ್ತದೆ. ಬೆಳಿಗ್ಗೆ ಹೊತ್ತು ಗರಿಯ ಅಡಿಭಾಗ ನೀರಿನಿಂದ ಒರೆಸಿದರೆ ಎರಡು ವಾರದಲ್ಲಿ ಹೋಗುತ್ತದೆ, ನಮ್ಮನೇಲಿ ಔಷಧ ಬೇಕಾಗಲಿಲ್ಲ.

ಕೆಲಗೇರಿ, ಧಾರವಾಡ

ಶಿವರಾತ್ರಿ ಮುಗಿಯಿತು, ಹೇಳಿದ ಹಾಗೆ ಚಳಿಯೂ ಶಿವ ಶಿವ ಅಂತ ಹೋಯಿತು. ಏನು ಮಾಡಿದೆ ಅಂತ ಹೇಳುವುದು ನನ್ನ ಕರ್ತವ್ಯ.

ಪ್ಲಾಸ್ಟಿಕ್ ತರಲಿಲ್ಲ. ಬುಡಕ್ಕೆ ಬೇವಿನ ಹಿಂಡಿ, ಮೇಲೆ ರವದಿ, ಒಂದು ಗೇಣು ಬಿಟ್ಟು. ನಲ್ಲಿ ನೀರು ಬಂದ ದಿನ ಬೆಳಿಗ್ಗೆ ಪಾತಿ ತುಂಬ ನೀರು, ಸುಳಿಗೆ ಒಂದು ಹನಿಯೂ ಇಲ್ಲ. ತೆಂಗಿನ ಸಸಿಗೆ ತಟ್ಟಿ ನಿಲ್ಲಿಸಿದೆ. ಒಂದು ಸಸಿಯ ತಟ್ಟಿ ಜನವರಿಯ ಗಾಳಿಗೆ ಬಿದ್ದು ನಾಲ್ಕು ದಿನ ಹಾಗೇ ಇತ್ತು, ನಾನು ಊರಲ್ಲಿರಲಿಲ್ಲ. ಅದರ ಪಡುವಣ ಕಡೆಯ ಗರಿಯ ಮೇಲೆ ಕಂದು ಪಟ್ಟಿ ಬಿದ್ದಿದೆ, ಇನ್ನೊಂದಕ್ಕೆ ಏನೂ ಆಗಿಲ್ಲ. ಹಾನಗಲ್ ಅಣ್ಣಾರ ಮಾತು ಕಣ್ಣಾರೆ ಕಂಡೆ. ಬಾಟಲ್ ಪಾಮ್ ಮೂರು ತಿಂಗಳು ಒಂದಿಂಚೂ ಬೆಳೆಯಲಿಲ್ಲ, ಸುಳಿ ಮಾತ್ರ ಗಟ್ಟಿ ಇತ್ತು, ದಿನ ಬಿಟ್ಟು ದಿನ ಮುಟ್ಟಿ ನೋಡುತ್ತಿದ್ದೆ. ಹೋದ ವಾರ ಸುಳಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ್ದೆ, ಇವತ್ತು ಆ ಗುರುತು ಅರ್ಧ ಬೆರಳು ಮೇಲಕ್ಕೆ ಹೋಗಿದೆ.

ಅಪ್ಪನ ರಾಯಲ್ ಪಾಮ್‌ನ ಹಳದಿ ಗರಿ ಕಡಿಯಲಿಲ್ಲ. ಒಂದು ತಾನೇ ಬಿತ್ತು. ಎತ್ತಿ ತಂದು ಅದರ ಬುಡಕ್ಕೇ ಹಾಕಿದ್ದೇನೆ.