ಜುಲೈನಲ್ಲಿ ಉಡುಪಿ ಕರಾವಳಿ: ಏನು ತಿನ್ನಬಹುದು, ಏನು ನೋಡಬಹುದು?

ಪ್ರಶ್ನೆ

ಜುಲೈ ಕೊನೆಯ ವಾರ ಕುಟುಂಬಸಮೇತ ಉಡುಪಿಯಲ್ಲಿ ತಂಗಿ, ಉತ್ತರಕ್ಕೆ ಮರವಂತೆಯವರೆಗೂ ದಕ್ಷಿಣಕ್ಕೆ ಕಾಪುವಿನವರೆಗೂ ಸುತ್ತಾಡಬೇಕೆಂದುಕೊಂಡಿದ್ದೇವೆ. ನಮ್ಮಲ್ಲಿ ಅರ್ಧದಷ್ಟು ಮಂದಿ ಶುದ್ಧ ಸಸ್ಯಾಹಾರಿಗಳು; ಉಳಿದವರು ಮೀನಿನೂಟಕ್ಕೆಂದೇ ಹೊರಟು ನಿಂತವರು. ಸೇಂಟ್ ಮೇರೀಸ್ ದ್ವೀಪ ನೋಡಲೇಬೇಕೆಂಬುದು ಮಕ್ಕಳ ಹಟ. ಮಳೆ ಜೋರಾಗಿರುತ್ತದೆಂದು ಗೊತ್ತಿದ್ದರೂ ಆಗ ಜನಸಂದಣಿ ಕಡಿಮೆಯೆಂಬ ಕಾರಣಕ್ಕೆ ಮನಸ್ಸು ಅತ್ತ ವಾಲಿದೆ. ಈ ಕಾಲದಲ್ಲಿ ಹೋಗುವುದು ಸರಿಯೇ? ಹೋಟೆಲುಗಳ ಹೆಸರಿಗಿಂತ ಯಾವ ತಿನಿಸನ್ನು ಹುಡುಕಿಕೊಂಡು ಹೋಗಬೇಕೆಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನೀವು ಆರಿಸಿಕೊಂಡಿರುವ ವಾರದಲ್ಲಿ ನಿಮ್ಮ ಪಟ್ಟಿಯ ಎರಡು ಮುಖ್ಯ ಸಂಗತಿಗಳು ಕೈತಪ್ಪುತ್ತವೆ. ಮೊದಲನೆಯದು ದ್ವೀಪ. ಮಳೆಗಾಲದಲ್ಲಿ ಮಲ್ಪೆಯಿಂದ ಅಲ್ಲಿಗೆ ಪ್ರವಾಸಿ ದೋಣಿಗಳು ಹೋಗುವುದಿಲ್ಲ. ಕಡಲು ಶಾಂತವಾದ ಮೇಲಷ್ಟೇ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ, ಮತ್ತೆ ಆರಂಭವಾಗುತ್ತವೆ. ಮಕ್ಕಳಿಗೆ ಅದನ್ನು ತೋರಿಸಲೇಬೇಕೆಂದಾದರೆ ಪ್ರವಾಸವನ್ನು ಚಳಿಗಾಲಕ್ಕೆ ಮುಂದೂಡುವುದೇ ಒಳ್ಳೆಯದು. ಅಲ್ಲಿರುವುದು ಬರೀ ಮರಳ ದಂಡೆಯಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಕುಗ್ಗುವಾಗ ಬಿರುಕುಬಿಟ್ಟು, ಬಹುಪಾಲು ಆರು ಮೂಲೆಗಳ ಕಂಬಗಳಾಗಿ ನಿಂತಿದೆ. ವಾಸ್ಕೋ ಡ ಗಾಮಾ ಇಲ್ಲಿಳಿದನೆಂಬ ಪ್ರತೀತಿಯನ್ನು ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಮಟ್ಟಿಗೆ ಕಲ್ಲಿನ ಕತೆಯೇ ದೊಡ್ಡದು.

ಎರಡನೆಯದು ಮೀನು. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ಲಂಗರು ಹಾಕಿ ನಿಂತಿರುತ್ತವೆ. ಅಂಜಲ್, ಮಾಂಜಿ ಮುಂತಾದ ದೊಡ್ಡ ಮೀನುಗಳು ಆಗಲೂ ಹೋಟೆಲುಗಳಲ್ಲಿ ಸಿಗುತ್ತವೆ, ಆದರೆ ಅವು ಹೆಚ್ಚಾಗಿ ಮಂಜುಗಡ್ಡೆಯಲ್ಲಿಟ್ಟವು ಅಥವಾ ಹೊರಗಿನಿಂದ ತರಿಸಿದವು.

ಉತ್ತರ 2

ಮೇಲಿನವರ ಮಾತು ನಿಜವಾದರೂ, ಅದರಿಂದ ಜುಲೈ ಊಟಕ್ಕೆ ಬರಗಾಲವೆಂಬ ಭಾವನೆ ಬರಬಾರದು. ಕರಾವಳಿಯ ಅಡುಗೆಮನೆಗೆ ಆಟಿ ತಿಂಗಳೇ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಸುಗ್ಗಿ ಎಂದು ವಾದಿಸುವವರಲ್ಲಿ ನಾನೂ ಒಬ್ಬ.

ಸಸ್ಯಾಹಾರಿಗಳು ಮೊದಲು ಹುಡುಕಬೇಕಾದದ್ದು ಪತ್ರೊಡೆ. ಕೆಸುವಿನ ಎಲೆಯ ದಪ್ಪ ನಾರನ್ನು ಹೆರೆದು, ಎಲೆಯನ್ನು ಕವುಚಿ ಹಾಕಿ, ಅಕ್ಕಿ, ಮೆಣಸು, ಹುಣಸೆಹುಳಿ ಮತ್ತು ಬೆಲ್ಲ ಸೇರಿಸಿ ರುಬ್ಬಿದ ಹಿಟ್ಟನ್ನು ಹಚ್ಚಿ, ಅದರ ಮೇಲೆ ಇನ್ನೊಂದು ಎಲೆಯಿಟ್ಟು, ಹೀಗೆ ಒಂದರ ಮೇಲೊಂದು ಜೋಡಿಸಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಆದ್ದರಿಂದ ಒಳ್ಳೆಯ ಪತ್ರೊಡೆಯಲ್ಲಿ ಹುಳಿ ಒಂದಿಷ್ಟು ಮುಂದೆಯೇ ಇರುತ್ತದೆ. ಸುರುಳಿಯನ್ನು ಬಿಲ್ಲೆಗಳಾಗಿ ಕೊಯ್ದು ತೆಂಗಿನೆಣ್ಣೆಯಲ್ಲಿ ಅಂಚು ಗರಿಗರಿಯಾಗುವಂತೆ ಕಾಯಿಸಿ ಕೊಡುವವರಿದ್ದರೆ ಅಲ್ಲಿಯೇ ತಿನ್ನಿ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಅರಿಶಿನ ಎಲೆಯ ಸಿಹಿಗಡುಬು, ಕಳಲೆಯ ಪಲ್ಯ ಇವುಗಳಿಗೂ ಇದೇ ಕಾಲ.

ಶ್ರೀಕೃಷ್ಣ ಮಠದ ಭೋಜನಕ್ಕೆ ಹೋಗುವುದಾದರೆ ಒಂದು ವಿಷಯ ತಿಳಿದಿರಲಿ. ಆಷಾಢದಲ್ಲಿ ಚಾತುರ್ಮಾಸ್ಯ ಆರಂಭವಾಗುತ್ತದೆ. ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ವರ್ಜ್ಯ. ‘ಉಡುಪಿ ಊಟ’ವೆಂದು ಬೇರೆಡೆ ಬಡಿಸುವುದನ್ನು ನೆನಪಿನಲ್ಲಿಟ್ಟುಕೊಂಡು ಕುಳಿತರೆ ಆಶ್ಚರ್ಯವಾದೀತು.

ಮೀನಿನವರೂ ನಿರಾಶರಾಗಬೇಕಿಲ್ಲ. ಸಾಂಪ್ರದಾಯಿಕ ನಾಡದೋಣಿಗಳಿಗೆ ಆ ನಿಷೇಧ ಅನ್ವಯಿಸುವುದಿಲ್ಲ. ಕಡಲು ಅವಕಾಶ ಕೊಟ್ಟ ದಿನ ಅವರು ತರುವ ಸಿಗಡಿ, ಬಂಗುಡೆಗಳ ತಾಜಾತನಕ್ಕೆ ಸಾಟಿಯಿಲ್ಲ. ಅಂಥ ದಿನ ಬಂಗುಡೆ ಪುಳಿಮುಂಚಿ, ಅಂದರೆ ಹುಳಿಖಾರದ ಸಾರು, ಕೇಳಿ. ಬಾರದ ದಿನಕ್ಕೆ ಕೋರಿ ರೊಟ್ಟಿ ಇದ್ದೇ ಇದೆ: ಕಾಗದದಷ್ಟು ತೆಳುವಾದ ಒಣ ಅಕ್ಕಿರೊಟ್ಟಿಯನ್ನು ಮುರಿದು ಹಾಕಿ, ಬಿಸಿ ಕೋಳಿ ಗಸಿಯನ್ನು ಸ್ವಲ್ಪ ಸ್ವಲ್ಪವೇ ಸುರಿದುಕೊಳ್ಳಬೇಕು, ಒಮ್ಮೆಗೇ ಸುರಿದರೆ ಪೂರ್ತಿ ಮೆತ್ತಗಾಗಿ ಅದರ ಸೊಗಸೇ ಹೋಗುತ್ತದೆ.

ಉತ್ತರ 3

ನೋಡುವ ಜಾಗಗಳ ಬಗ್ಗೆ ಎರಡು ಮಾತು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಇದನ್ನು ರಸ್ತೆಯಿಂದಲೇ ನೋಡಿ, ನೀರಿಗಂತೂ ಇಳಿಯಬೇಡಿ. ಕಾಪುವಿನಲ್ಲಿ 1901ರ ದೀಪಸ್ತಂಭದ ಬಂಡೆಗೆ ಅಲೆ ಅಪ್ಪಳಿಸುವುದನ್ನೂ ದೂರದಿಂದಲೇ ನೋಡಬೇಕು. ಮಳೆಯಲ್ಲಿ ನಿಜಕ್ಕೂ ಕಳೆಗಟ್ಟುವುದು ಒಳನಾಡು. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟ ಮತ್ತು ವರಂಗದಲ್ಲಿ ತುಂಬಿದ ಕೆರೆಯ ನಡುವಿನ ಬಸದಿ, ಇವೆರಡಕ್ಕೆ ಒಂದು ದಿನವನ್ನು ಮೀಸಲಿಡಿ. ಆದರೆ ಗೊಮ್ಮಟನ ಬೆಟ್ಟದ ಮೆಟ್ಟಿಲುಗಳು ಜಾರುತ್ತವೆ, ಹಿರಿಯರನ್ನು ಕೈಹಿಡಿದು ಹತ್ತಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮನೆಯಲ್ಲಿ ಚರ್ಚಿಸಿದ ಮೇಲೆ ದ್ವೀಪವನ್ನು ಸದ್ಯಕ್ಕೆ ಬಿಡಲು ಮಕ್ಕಳು ಒಪ್ಪಿದ್ದಾರೆ, ಆದರೆ ತಾಜಾ ಮೀನನ್ನು ಬಿಡಲು ದೊಡ್ಡವರು ಒಪ್ಪುತ್ತಿಲ್ಲ. ಪತ್ರೊಡೆಯೂ ಸಿಗಬೇಕು, ಬಂದರೂ ತೆರೆದಿರಬೇಕು ಎಂದರೆ ಯಾವಾಗ ಬರಬೇಕು? ಮಟ್ಟುಗುಳ್ಳದ ಸಾಂಬಾರಿನ ಬಗ್ಗೆಯೂ ಕೇಳಿದ್ದೇವೆ.

ಉತ್ತರ 1 ನೀಡಿದವರು

ಹಾಗಾದರೆ ಕೃಷ್ಣಾಷ್ಟಮಿಯ ಮರುದಿನದ ಉತ್ಸವವಾದ ವಿಟ್ಲಪಿಂಡಿಯ ಸುತ್ತಮುತ್ತ ಬನ್ನಿ. ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿಯಲು ತೊಡಗುತ್ತವೆ, ಕೆಸುವಿನ ಎಲೆಯೂ ಇನ್ನೂ ಇರುತ್ತದೆ, ರಥಬೀದಿಯಲ್ಲಿ ಹುಲಿವೇಷದ ತಾಸೆಯ ಸದ್ದೂ ಕೇಳುತ್ತದೆ. ಆದರೆ ಉಡುಪಿಯಲ್ಲಿ ಅಷ್ಟಮಿಯನ್ನು ಸೌರ ಪಂಚಾಂಗದಂತೆ ಆಚರಿಸುವುದರಿಂದ ಅದು ಕೆಲವು ವರ್ಷ ಸೆಪ್ಟೆಂಬರ್‌ಗೆ ಹೋಗುತ್ತದೆ. ನಿಮ್ಮ ಕ್ಯಾಲೆಂಡರಿನ ರಜೆ ನೋಡಿ ಟಿಕೆಟ್ ಮಾಡಿಸಬೇಡಿ. ಹಬ್ಬದ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟವಾದ್ದರಿಂದ ದಿನಾಂಕ ಖಚಿತವಾದ ಕೂಡಲೇ ಕಾದಿರಿಸಿ.

ಮಟ್ಟುಗುಳ್ಳ ಮಾತ್ರ ಆಗ ಸಿಗದು. ಭೌಗೋಳಿಕ ಸೂಚಕ ಪಡೆದಿರುವ ಆ ಹಸಿರು ದುಂಡು ಬದನೆಯನ್ನು ಕಟಪಾಡಿ ಬಳಿಯ ಮಟ್ಟುವಿನ ಗದ್ದೆಗಳಲ್ಲಿ ಮಳೆಗಾಲದ ಭತ್ತದ ಕೊಯ್ಲಾದ ಮೇಲೆಯೇ ನಾಟಿ ಮಾಡುತ್ತಾರೆ. ದ್ವೀಪಕ್ಕೆಂದು ಚಳಿಗಾಲದ ಕೊನೆಗೆ ಮತ್ತೆ ಬಂದಾಗ ಅದನ್ನೂ ಸವಿಯಬಹುದು.